ಕಾಲು ಬಂದ ಬೇಲಿ

ಹದಿನೇಳನೆಯ ಕ್ಯಾಮೆರಾ ಇರುವುದು
ಹಳ್ಳ ಎರಡಾಗಿ ಮತ್ತೆ ಒಂದಾಗುವಲ್ಲಿ,
ಮೊಣಕಾಲೆತ್ತರಕ್ಕೆ, ಮರಕ್ಕೆ ಬೆಲ್ಟು ಬಿಗಿದು.
ಕಟ್ಟಿದವನು ನಾನೇ.
ತಿಂಗಳಿಗೊಮ್ಮೆ ಬ್ಯಾಟರಿ ಬದಲಿಸಿ,
ಮುಚ್ಚಳದೊಳಗಿನ ಇರುವೆ ಊದಿ,
ಉಗುರಿನಷ್ಟು ಕಾರ್ಡು ತೆಗೆದು
ಒಣಗಿದ ಅಕ್ಕಿಯ ಡಬ್ಬಿಯಲ್ಲಿ ಹೂತು ತರುತ್ತೇನೆ.
ಮಳೆ ಬಿಟ್ಟ ದಿನ ಎಂಬುದಿಲ್ಲ
ಮಡಗಾಸ್ಕರಿನ ಈ ಮೂಲೆಯಲ್ಲಿ.

ಮೊದಲ ವರ್ಷ ಫಲನೂಕ ಬರುತ್ತಿತ್ತು
ಸಂಜೆ ಆರಕ್ಕೆ, ಆರೂಕಾಲಿಗೆ,
ಸಂಬಳಕ್ಕೆ ಇಟ್ಟ ಕಾವಲುಗಾರನ ಹಾಗೆ.
ಬೆಕ್ಕಿನ ಮೈ; ಮುಂಗುಸಿಯ ಮೂತಿಯನ್ನು
ಯಾರೋ ಹಿಡಿದು ಎಳೆದಂತೆ ಉದ್ದ.
ಮಾಂಸಾಹಾರಿ ಎಂದು ಬರೆದುಕೊಳ್ಳುತ್ತಾರೆ ಪಟ್ಟಣದಿಂದ ಬಂದವರು.
ಅದು ತಿನ್ನುವುದು ಎರೆಹುಳ!
ತಿರುಗಿ ಬಿದ್ದು ಕಚ್ಚಲು ಹಲ್ಲೇ ಸಾಲದು.
ಕೊಳೆತ ಎಲೆ ಕೆದರಿ, ಕೆದರಿ,
ಚಳಿಗಾಲದ ಕೊಬ್ಬನ್ನೆಲ್ಲ ಬಾಲದಲ್ಲಿ ಕೂಡಿಡುವ ಬಡ ಸಂಸಾರಿ.
ಅದರ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದಂತೆ,
ಎರಡನೆಯ ದಿನಕ್ಕೇ ತಾಯಿಯ ಹಿಂದೆ ನಡೆಯುತ್ತದಂತೆ.
ಅಷ್ಟೇನು ಅವಸರ ಎಂದು ನಗುತ್ತಿದ್ದೆ.

ಆಮೇಲೆ ವೆನಿಲಾ ಬೆಲೆ ಏರಿತು.
ಯಾವ ಕಡಲಾಚೆ ಯಾರು ನಾಲಿಗೆ ಚಪ್ಪರಿಸಿದರೋ!
ಬೆಳದಿಂಗಳು ನೋಡಿಕೊಂಡು ಬಂದರು ಕಳ್ಳರು,
ಹಸಿ ಕಾಯನ್ನು ಬಳ್ಳಿ ಸಮೇತ ಕತ್ತರಿಸುವವರು.
ಒಂದೊಂದು ಕಾಯಿಗೂ ಸೂಜಿ ಹಿಡಿದು ಹೆಸರು ಚುಚ್ಚಿದೆವು.
ನನ್ನದು ಮೂರಕ್ಷರ;
ಕಾಯಿ ಒಣಗಿ ಕಪ್ಪಾದರೂ ಆ ಗಾಯ ಮಾಯುವುದಿಲ್ಲ.
ಆದರೂ ಝಫಿಮಾರುವಿನ ತೋಟ ಒಂದೇ ರಾತ್ರಿಗೆ ಬೋಳಾಯಿತು.
ಬೆಳಗಿನ ಜಾವ ಮುಳ್ಳು ಹಿಡಿದು
ಹೂವಿನೊಳಗೆ ಹೂವ ಕೂಡಿಸುತ್ತ ಅವಳು ನಿಂತ ದಿನಗಳಿಗೆ
ಯಾವ ಠಾಣೆಯಲ್ಲಿ ದೂರು?

ಹಾಗಾಗಿ ನಾಯಿ ಸಾಕಿದೆವು.
ಊರಲ್ಲಿ ನಾಲ್ಕಿದ್ದವು, ನಲವತ್ತಾದವು.
ನನ್ನದು ಮೇನಾ. ಕೆಂಪಿ ಎಂದರ್ಥ.
ಎಡಗಿವಿ ಹರಿದಿದೆ, ಎದೆಯಲ್ಲೊಂದು ಬಿಳಿ ಮಚ್ಚೆ.
‘ಬೇಲಿಗೆ ಕಾಲು ಬಂತು ನೋಡು’ ಎಂದಳು ಅತ್ತೆ.
ಕಾಲು ಬಂದ ಬೇಲಿ ನಿಲ್ಲಿಸಿದಲ್ಲಿ ನಿಂತೀತೆ?
ತಳ ಹಿಡಿದ ಅನ್ನದ ತಿಳಿ ಬಿಟ್ಟರೆ
ನಾವು ತಾನೆ ಏನು ಹಾಕಿದೆವು ಅದಕ್ಕೆ!
ಕಾಡಿನ ಗಡಿಗೆ ಸರಕಾರ ನೆಟ್ಟ ಬಿಳಿ ಕಲ್ಲುಗಳಿವೆ;
ಗಂಡು ನಾಯಿಗಳು ಅಲ್ಲಿ ಕಾಲೆತ್ತಿ
ಮುಂದಕ್ಕೆ ಹೋಗುತ್ತವೆ.

ಫಲನೂಕ ಸಂಜೆ ಬರುವುದು ಬಿಟ್ಟಿತು.
ರಾತ್ರಿ ಹನ್ನೊಂದು.
ಆಮೇಲೆ ಎರಡು.
ಒಮ್ಮೆ ಮೂರೂ ನಲವತ್ತು, ಸುರಿವ ಮಳೆಯಲ್ಲಿ,
ಹೊತ್ತು ತಪ್ಪಿ ಊಟಕ್ಕೆ ಕೂತವನ ಗಾಬರಿಯಲ್ಲಿ.
ಆಮೇಲೆ, ಎಲೆ ಅಲುಗಿದ್ದಕ್ಕೆ
ಕ್ಯಾಮೆರಾ ಸುಮ್ಮನೆ ತೆಗೆದುಕೊಂಡ ಚಿತ್ರಗಳು.

ಫೆಬ್ರವರಿಯ ಕಾರ್ಡು ನೋಡಿದ್ದು ನಾನೊಬ್ಬನೇ.
ಗುಡಿಸಲಲ್ಲಿ ಜನರೇಟರು ಗುಡುಗುತ್ತಿತ್ತು.
ಬೆಳಗಿನ ನಾಲ್ಕೂವರೆ. ಹರಿದ ಎಡಗಿವಿ. ಬಿಳಿ ಮಚ್ಚೆ.
ಬಾಯಲ್ಲಿ ಜೋತ ಬಾಲ,
ಕೊಬ್ಬು ಇನ್ನೂ ತುಂಬಿರಲಿಲ್ಲ ಅದರಲ್ಲಿ.
ಹಿಂದೆ, ಚೌಕಟ್ಟಿನ ಅಂಚಿನಲ್ಲಿ, ನೆಲಕ್ಕೆ ತೀರ ಹತ್ತಿರ
ಎರಡು ಬೆಳಕಿನ ಚುಕ್ಕೆ.
ಬಿಟ್ಟ ಕಣ್ಣು.

ಅಳಿಸಿದರೆ ಯಾರಿಗೆ ಗೊತ್ತಾಗುತ್ತದೆ?
ಗುಂಡಿಯ ಮೇಲೆ ಬೆರಳಿತ್ತು, ಎಷ್ಟು ಹೊತ್ತೋ.
ಜನರೇಟರು ಒಮ್ಮೆ ಬಿಕ್ಕಿತು.
ಫಾರಂ ತುಂಬಿದೆ. ಪ್ರಾಣಿ: ನಾಯಿ. ಸಂಖ್ಯೆ: ಒಂದು.
ಒಡೆಯನ ಹೆಸರಿಗೆ ಕಲಂ ಇರಲಿಲ್ಲ.

ಅಂದು ರಾತ್ರಿ ಮೇನಾ ಒಂದೇ ಸಮ ಬೊಗಳಿತು,
ತೋಟದಂಚಿನಲ್ಲಿ ಯಾರೋ ಬಿದ್ದು ಎದ್ದು ಓಡಿದ ಸದ್ದು.
ಬೆಳಿಗ್ಗೆ ಅನ್ನವನ್ನೇ ಹಾಕಿದೆ, ತಿಳಿಯನ್ನಲ್ಲ.
ಬಾಲ ಅಲ್ಲಾಡಿಸಿತು.
ನೋಡಲಾಗದೆ ಬಳ್ಳಿಗಳ ನಡುವೆ ಹೋಗಿ ಎಣಿಸಿದೆ:
ನೂರಾ ಹನ್ನೆರಡು ಕಾಯಿ, ಒಂದೂ ಕಳುವಾಗಿಲ್ಲ,
ಎಲ್ಲದರ ಮೇಲೂ
ನನ್ನ ಹೆಸರು.